ಹಿತ್ತಿಲ ಸೇಬಿನ ಗಿಡದಲ್ಲಿ ಎಳೆಗಾಯಿ ಬಿಡಿಸುವ ಕ್ರಮ

ಬೆಂಗಳೂರಿನ ಸುತ್ತಮುತ್ತ ಹಿಂದೆ ರೋಮ್ ಬ್ಯೂಟಿ ಎಂಬ ಜಾತಿಯ ಸೇಬಿನ ತೋಟಗಳಿದ್ದುವೆಂಬುದನ್ನು ಹಿರಿಯರು ಬಲ್ಲರು. ಈಗ ಹೆಚ್ಚು ಚಳಿಯನ್ನು ಬೇಡದ ಅನ್ನಾ, ಡಾರ್ಸೆಟ್ ಗೋಲ್ಡನ್, ಹಿಮಾಚಲ ಪ್ರದೇಶದ ಬಿಲಾಸಪುರ ಜಿಲ್ಲೆಯಿಂದ ಬಂದ ಎಚ್.ಆರ್.ಎಂ.ಎನ್. 99 ಮೊದಲಾದ ಜಾತಿಗಳನ್ನು ನಮ್ಮ ಸೀಮೆಯ ಕೆಲವು ಮಹನೀಯರು ಹಿತ್ತಿಲಲ್ಲಿ ನೆಟ್ಟಿರುವರು. ಗಿಡವು ಫಲಕ್ಕೆ ಬಂದೊಡನೆ ಬಿಟ್ಟ ಕಾಯನ್ನೆಲ್ಲಾ ಅದರ ಮೇಲೆಯೇ ಉಳಿಸಿಕೊಳ್ಳುವುದು ಇವರಲ್ಲಿ ಹಲವರು ಮಾಡುವ ತಪ್ಪು.

ಸೇಬಿನ ಒಂದೊಂದು ಹೂಮೊಗ್ಗಿನಿಂದಲೂ ಸಾಧಾರಣವಾಗಿ ಐದಾರು ಹೂಗಳ ಗೊಂಚಲು ಹೊರಡುವುದು. ಒಂದು ಹಣ್ಣು ಚೆನ್ನಾಗಿ ಬಲಿಯಬೇಕಾದರೆ ಸುಮಾರು 30ರಿಂದ 40 ಎಲೆಗಳ ದುಡಿಮೆ ಬೇಕು. ಹೀಗಿರುವಲ್ಲಿ ಗೊಂಚಲಿನ ಕಾಯಿಗಳನ್ನೆಲ್ಲಾ ಗಿಡವು ಹೇಗೆ ಸಾಕೀತು? ಕೆಲವು ತಾವಾಗಿಯೇ ಉದುರುವುದುಂಟು, ಅಷ್ಟು ಸಾಲದು. ಹಣ್ಣು ಸಣ್ಣದಾಗುವುದೂ ಕೊಂಬೆ ಸೀಳುವುದೂ ಕಣ್ಣಿಗೆ ಕಾಣುವ ನಷ್ಟಗಳು. ಕಾಣದ ನಷ್ಟವು ಇವಕ್ಕಿಂತ ದೊಡ್ಡದು. ಎಳೆಗಾಯಿಯ ಬೀಜಗಳಲ್ಲಿ ಹುಟ್ಟುವ ಜಿಬ್ಬರೆಲಿನ್ ಎಂಬ ಪದಾರ್ಥವು ಮುಂದಿನ ವರ್ಷದ ಹೂಮೊಗ್ಗು ಕಟ್ಟದಂತೆ ತಡೆಯುವುದು. ಆದುದರಿಂದಲೇ ಈ ವರ್ಷ ಮೈತುಂಬ ಕಾಯಿ ಹೊತ್ತ ಗಿಡವು ಮರುವರ್ಷ ಬರಿದಾಗಿ ನಿಲ್ಲುವುದು. ಆಗ ದೃಷ್ಟಿ ತಗುಲಿತೆಂದು ಗಿಡಕ್ಕೆ ಹಳೆಯ ಚಪ್ಪಲಿ ಕಟ್ಟಿದವರನ್ನೂ ನಾನು ನೋಡಿದ್ದೇನೆ.

ಕಾಯಿ ಗೋಲಿಯ ಗಾತ್ರವಾದಾಗ, ಅಂದರೆ ಹೂ ಪೂರ್ತಿ ಅರಳಿದ 30–40 ದಿನಗಳೊಳಗಾಗಿ, ಈ ಕೆಲಸವನ್ನು ಮುಗಿಸತಕ್ಕದ್ದು. ನಮ್ಮಲ್ಲಿ ಹೂ ಬಿಡುವ ಕಾಲವು ಗಿಡ ಸವರಿದುದನ್ನು ಅನುಸರಿಸಿ ಹಿಂದುಮುಂದಾಗುವುದರಿಂದ ಪಂಚಾಂಗವನ್ನು ನೋಡದೆ ಹೂವಿನಿಂದ ದಿನವನ್ನೆಣಿಸಬೇಕು. ತಡವಾದರೆ ಉಳಿದ ಕಾಯಿ ಕೊಂಚ ದಪ್ಪವಾದೀತೇ ಹೊರತು ಮರುವರ್ಷದ ಹೂವಿಗೆ ಪ್ರಯೋಜನವಾಗದು.

ಮೊದಲು ಹುಳು ಕೊರೆದುವು, ಸೊಟ್ಟಾದುವು, ಸಣ್ಣವು ಇವನ್ನು ತೆಗೆಯಬೇಕು. ಅನಂತರ ಗೊಂಚಲಿಗೆ ಒಂದೇ ಕಾಯನ್ನುಳಿಸಿ, ಕಾಯಿಂದ ಕಾಯಿಗೆ ಐದಾರು ಅಂಗುಲ ಅಂತರವಿರುವಂತೆ ನೋಡಿಕೊಳ್ಳಬೇಕು. ಗೊಂಚಲಿನ ನಡುವಣ ಕಾಯಿ ಸಾಮಾನ್ಯವಾಗಿ ಎಲ್ಲಕ್ಕಿಂತ ದೊಡ್ಡದು. ಅದು ನೆಟ್ಟಗಿದ್ದರೆ ಅದನ್ನೇ ಉಳಿಸಬಹುದು. ಕಾಯನ್ನು ಎಳೆದು ಕೀಳಬಾರದು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಯಜಮಾನರ ಹಿತ್ತಿಲಲ್ಲಿ ಆತುರದಿಂದ ಕಿತ್ತು, ಕಾಯೊಡನೆ ಫಲ ಬಿಡುವ ಗಿಡ್ಡ ಕಡ್ಡಿಗಳನ್ನೂ ಮುರಿದುಹಾಕಿದೆನು. ವರ್ಷವರ್ಷವೂ ಹೂ ಬಿಡುವುದು ಆ ಕಡ್ಡಿಗಳಲ್ಲಿಯೇ. ಅವರು ಮರುವರ್ಷ ಗಿಡವನ್ನು ತೋರಿಸಿದರು, ಮಾತನಾಡಲಿಲ್ಲ. ಸಣ್ಣ ಕತ್ತರಿಯಿಂದ ತೊಟ್ಟನ್ನು ಕತ್ತರಿಸುವುದು ಕ್ಷೇಮ.

ಬಿಡಿಸಿದ ಕಾಯಿ ಮೊರದ ತುಂಬ ಬಿದ್ದುದನ್ನು ಕಂಡು ಮನೆಯವರು ಮರುಗುವುದು ಸಹಜ. ಒತ್ತಾಗಿ ಹುಟ್ಟಿದ ರಾಗಿಯ ಪೈರಿನ ಮೇಲೆ ಕುಂಟೆ ಹೊಡೆಯುವವರಿಗೆ ಇದು ಹೊಸ ಮಾತಲ್ಲ. ಆದರೂ ಸಂಶಯವಿದ್ದವರು ಒಂದು ಕೊಂಬೆಯನ್ನು ಮುಟ್ಟದೆ ಬಿಟ್ಟು, ಹಣ್ಣಾದಾಗ ಎರಡನ್ನೂ ತೂಗಿ, ಮರುವರ್ಷ ಎರಡರ ಹೂವನ್ನೂ ಎಣಿಸಿ ನೋಡಬಹುದು. ನೆಟ್ಟು ಎರಡು ವರ್ಷ ತುಂಬದ ಸಸಿಯಲ್ಲಿ ಮಾತ್ರ ಒಂದು ಕಾಯನ್ನೂ ಉಳಿಸಬಾರದು.