ಕಡಲು ಎರಡು ಬಾರಿ ಉಬ್ಬುವುದೇಕೆ?

ಚಂದ್ರನು ಕಡಲನ್ನು ಸೆಳೆಯುತ್ತಾನೆ, ಅದರಿಂದ ಉಬ್ಬರವಾಗುತ್ತದೆ ಎಂದು ಏಳನೆಯ ತರಗತಿಯಲ್ಲಿ ಹೇಳಿ ಮುಗಿಸುವುದು ಸುಲಭ. ಆದರೆ ಚುರುಕಾದ ಹುಡುಗಿಯೊಬ್ಬಳು, “ಹಾಗಾದರೆ ದಿನಕ್ಕೆ ಎರಡು ಸಲ ಉಬ್ಬರವೇಕೆ?” ಎಂದು ಕೇಳಿದರೆ ಆ ಉತ್ತರ ಸಾಲದು. ಅವಳ ಬಾಯಿ ಮುಚ್ಚಿಸಿದರೆ ವಿಜ್ಞಾನದ ಬಾಗಿಲನ್ನೇ ಮುಚ್ಚಿದಂತೆ.

1687ರಲ್ಲಿ ನ್ಯೂಟನ್ ಕೊಟ್ಟ ವಿವರಣೆಯ ತಿರುಳು ಸೆಳೆತದ ವ್ಯತ್ಯಾಸದಲ್ಲಿದೆ. ಚಂದ್ರನಿಗೆ ಎದುರಾದ ನೀರಿನ ಮೇಲೆ ಸೆಳೆತ ಹೆಚ್ಚು, ಭೂಮಿಯ ನಡುವಿನ ಮೇಲೆ ಅದಕ್ಕಿಂತ ಕಡಿಮೆ, ಆಚೆ ಬದಿಯ ನೀರಿನ ಮೇಲೆ ಇನ್ನೂ ಕಡಿಮೆ. ಮೂವರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ. ಮುಂದಿನವನು ಮೂರು, ನಡುವಿನವನು ಎರಡು, ಹಿಂದಿನವನು ಒಂದು ಹೆಜ್ಜೆ ಮುಂದಿಡಲಿ. ನಡುವಿನವನಿಂದ ಇಬ್ಬರೂ ದೂರವಾದರಲ್ಲವೆ? ಎರಡು ಉಬ್ಬುಗಳ ಗುಟ್ಟು ಅದೇ.

ಸೂರ್ಯನ ದ್ರವ್ಯರಾಶಿ ಚಂದ್ರನದಕ್ಕಿಂತ ಸುಮಾರು 2.7 ಕೋಟಿ ಪಟ್ಟು ಹೆಚ್ಚು. ಆದರೂ ಸುಮಾರು 390 ಪಟ್ಟು ದೂರದಲ್ಲಿರುವುದರಿಂದ ಉಬ್ಬರದಲ್ಲಿ ಅವನ ಕೈವಾಡ ಚಂದ್ರನದರ ಅರ್ಧಕ್ಕಿಂತ ತುಸು ಕಡಿಮೆ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಇಬ್ಬರ ಬಲವೂ ಕೂಡುತ್ತದೆ. ಅಷ್ಟಮಿಯಲ್ಲಿ ಒಬ್ಬರ ಕೆಲಸವನ್ನು ಇನ್ನೊಬ್ಬರು ತಗ್ಗಿಸುತ್ತಾರೆ. ಚಂದ್ರನು ದಿನದಿನವೂ ಮುಂದೆ ಸರಿಯುವುದರಿಂದ ಉಬ್ಬರವೂ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ.

ಇಷ್ಟು ತಿಳಿದ ಮೇಲೆ, ಕಡಲನ್ನೇ ಕಾಣದ ಬಯಲುಸೀಮೆಯ ಮಕ್ಕಳೂ ಮನೆಯ ಪಂಚಾಂಗ ನೋಡಿ, ಮಲ್ಪೆಯಲ್ಲಿ ನೀರು ಯಾವ ದಿನಗಳ ಆಸುಪಾಸಿನಲ್ಲಿ ಹೆಚ್ಚು ಏರುವುದೆಂದು ಹೇಳಬಲ್ಲರು.