ಬ್ರಷ್ ಬಿಟ್ಟ ಕೈಗೆ ಲೆಕ್ಕದ ಕೆಲಸ!

ಬೊಮ್ಮನಹಳ್ಳಿ: ಬೊಮ್ಮನಹಳ್ಳಿ ಇನ್ನೂ ಬೇರೆ ನಗರಸಭೆಯಾಗಿದ್ದ ಕಾಲ, ಅಂದರೆ 2007ಕ್ಕೆ ಮುಂಚೆ, ಹೊಸೂರು ರಸ್ತೆಯಲ್ಲಿ ಅಂಗಡಿ ತೆರೆಯುವವರಿಗೆ ಬೋರ್ಡ್ ಬರೆಯುವ ಆರ್ಟಿಸ್ಟ್ ಬೇಕೇ ಬೇಕಿತ್ತು. ಪೂಜೆಗೆ ಪುರೋಹಿತರು ಅರ್ಧ ಗಂಟೆ ತಡವಾದರೂ ನಡೆದೀತು, ಬೋರ್ಡ್ ತಡವಾಗುವಂತಿರಲಿಲ್ಲ. ತಗಡಿಗೆ ಎನಾಮಲ್ ಬಳಿದು, ಚಾಕ್‌ಪೀಸ್ ಹಚ್ಚಿದ ದಾರದಲ್ಲಿ ಗೆರೆ ಹೊಡೆದು, ಕೈ ಅಲುಗದಂತೆ ಕೋಲೂರಿ ಬರೆದರೆ ಅಕ್ಷರ ಮುತ್ತು ಪೋಣಿಸಿದ ಹಾಗೆ. ಒಂದು ಒತ್ತಕ್ಷರ ತಪ್ಪಿತೋ, ಬಸ್ಸಿನಲ್ಲಿ ಹೋಗಿಬರುವವರೆಲ್ಲ ನಗಬೇಕು. ಅದಕ್ಕೇ ತಪ್ಪುತ್ತಿರಲಿಲ್ಲ.

ಆ ಕೈಗಳೆಲ್ಲ ಎಲ್ಲಿಗೆ ಹೋದವು ಸ್ವಾಮಿ?

ಫ್ಲೆಕ್ಸ್ ಮಷೀನು ಬಂತು. ಎರಡು ದಿನದ ಕೆಲಸವನ್ನು ಕಾಫಿ ಕುಡಿದು ಬರುವಷ್ಟರಲ್ಲಿ ಉಗುಳಿತು. 2018ರ ಆಗಸ್ಟ್‌ನಲ್ಲಿ ಹೈಕೋರ್ಟು ಗದರಿಸಿದ ಮೇಲೆ ಆಗಿನ ಬಿಬಿಎಂಪಿಯವರು ಬೀದಿಬೀದಿಯ ಫ್ಲೆಕ್ಸ್ ಕಿತ್ತರು. 2024ರಲ್ಲಿ ನಾಮಫಲಕದಲ್ಲಿ ಶೇ. 60 ಕನ್ನಡ ಇರಲೇಬೇಕೆಂದು ಕಾನೂನೂ ಬಂತು. ಬ್ರಷ್ಷಿಗೆ ಮತ್ತೆ ಕಾಲ ಬಂತು ಅಂದುಕೊಂಡರೆ, ಎಲ್ಲಿ? ಕನ್ನಡವೇನೋ ಬಂತು, ಮಷೀನಿನಲ್ಲಿ ಕೊರೆದ ಅಕ್ರಿಲಿಕ್ ಅಕ್ಷರವಾಗಿ, ಒಳಗೆ ಎಲ್‌ಇಡಿ ದೀಪ ಇಟ್ಟುಕೊಂಡು ಬಂತು.

ಹೊಟ್ಟೆಪಾಡು ಕೇಳಬೇಕಲ್ಲ! ಇಂಥವರಿಗೆ ಉಳಿಯುವುದು ಮನೆಗಳಿಗೆ ಸುಣ್ಣಬಣ್ಣ ಬಳಿಯುವ ಕೆಲಸ, ಇಲ್ಲವೇ ಫ್ಲೆಕ್ಸ್ ಅಂಗಡಿಯಲ್ಲೇ ಡಿಸೈನ್‌ಗೆ ಕೂರುವುದು. ಮೂರನೆಯ ದಾರಿ ಅಂಗಡಿಯ ಲೆಕ್ಕ ಬರೆಯುವುದು. ಆರ್ಟಿಸ್ಟಿಗೂ ಅಕೌಂಟ್ಸಿಗೂ ಎಲ್ಲಿಂದೆಲ್ಲಿಯ ನಂಟು ಅಂತ ಮೂಗು ಮುರಿಯಬೇಡಿ. ಆ ದಾರಿಯ ಮೂಲ ನಮ್ಮ ಪಕ್ಕದ ಹೊಂಗಸಂದ್ರದಲ್ಲೇ ಇದೆ. 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮೆಟ್ರೋದಲ್ಲಿ ಬೊಮ್ಮನಹಳ್ಳಿಯಿಂದ ಒಂದೇ ಸ್ಟೇಷನ್ನು. ಟ್ಯಾಲಿ ಕಂಪನಿಯ ಆಫೀಸು ಅಲ್ಲಿದೆ.

ಟ್ಯಾಲಿ ಹುಟ್ಟಿದ್ದೂ ಒಬ್ಬ ವ್ಯಾಪಾರಿಯ ತಲೆಬಿಸಿಯಿಂದಲೇ. ಗಿರಣಿಗಳಿಗೆ ಸಾಮಾನು ಒದಗಿಸುತ್ತಿದ್ದ ಶ್ಯಾಮ್ ಸುಂದರ್ ಗೋಯೆಂಕಾ ತಮ್ಮ ಲೆಕ್ಕಕ್ಕೆ ಹೊಂದುವ ಸಾಫ್ಟ್‌ವೇರ್ ಸಿಗದೆ, ಗಣಿತ ಓದಿದ್ದ ಮಗ ಭರತ್‌ಗೆ ಹೇಳಿ ಬರೆಸಿದರು. 1986ರಲ್ಲಿ ಪ್ಯೂಟ್ರಾನಿಕ್ಸ್ ಎಂಬ ಹೆಸರಲ್ಲಿ ಕಂಪನಿ ಶುರುವಾಯಿತು. 2020ರಲ್ಲಿ ಭರತ್ ಗೋಯೆಂಕಾ ಅವರಿಗೆ ಪದ್ಮಶ್ರೀ ಬಂತು. ಖಾತೆಗೊಂದು ನಂಬರು ಬಾಯಿಪಾಠ ಮಾಡಬೇಕಿಲ್ಲ, ಹೆಸರು ಹೊಡೆದರೆ ಸಾಕು. ಬಿಕಾಂ ಓದದವನೂ ಕಲಿಯಬಹುದಾದದ್ದು ಅದರಿಂದಲೇ.

ಹಾಗಂತ ಸುಲಭವಲ್ಲ. ನಲವತ್ತು ದಾಟಿದವನು ಕೋಚಿಂಗ್ ಸೆಂಟರಿನಲ್ಲಿ ಮಗನ ವಯಸ್ಸಿನ ಹುಡುಗರ ಪಕ್ಕ ಕೂತು ಜಮಾ ಯಾವುದು, ಖರ್ಚು ಯಾವುದು ಅಂತ ಮೊದಲಿಂದ ಕಲಿಯಬೇಕು. ಬೋರ್ಡಿನ ಮೂಲೆಯಲ್ಲಿ ಸಣ್ಣಗೆ ತನ್ನ ಹೆಸರು ಹಾಕಿಕೊಳ್ಳುತ್ತಿದ್ದವನು ಅವನು. ಲೆಕ್ಕದ ಪುಸ್ತಕದಲ್ಲಿ ಅದಕ್ಕೆ ಜಾಗವಿಲ್ಲ.

ಇನ್ನೊಂದು ಭಯವೂ ಇದೆ. ಅಕ್ಷರ ತಿಂದ ಮಷೀನು ಅಂಕಿಯನ್ನು ಬಿಟ್ಟೀತೇ? ಬಿಡುವುದಿಲ್ಲ. ಬ್ಯಾಂಕ್ ಸ್ಟೇಟ್‌ಮೆಂಟ್ ಈಗ ನೇರ ಟ್ಯಾಲಿಗೆ ಇಳಿಯುತ್ತದೆ, ಜಿಎಸ್‌ಟಿ ತಾಳೆಯೂ ಅದರಲ್ಲೇ ಆಗುತ್ತದೆ. ದಿನವಿಡೀ ಬಿಲ್ ನೋಡಿ ಟೈಪು ಮಾಡುವುದಷ್ಟೇ ಬಂದರೆ ಆ ಕೆಲಸವೂ ಫ್ಲೆಕ್ಸ್ ಪಾಲೇ. ಆದರೆ ತಾಳೆಯಾಗದೆ ಉಳಿದದ್ದನ್ನು ಯಾರು ನೋಡಬೇಕು?

ಕಿರಾಣಿ ಅಂಗಡಿಯವರು ಪೇಟೆಯಿಂದ 1 ಲಕ್ಷ ರೂ. ಸರಕು ತಂದರು ಅನ್ನಿ. ಶೇ. 5ರಂತೆ 5,000 ರೂ. ತೆರಿಗೆ ಬಿಲ್ಲಿನಲ್ಲೇ ಕೊಟ್ಟಾಯಿತು. ತಿಂಗಳ ರಿಟರ್ನಿನ ಲೆಕ್ಕದಲ್ಲಿ ಮಾರಿದವನು ಮುಂದಿನ 11ರೊಳಗೆ ಆ ಬಿಲ್ ತೋರಿಸಬೇಕು. ತೋರಿಸದಿದ್ದರೆ 14ಕ್ಕೆ ತಾನಾಗಿ ಬರುವ 2ಬಿ ಪಟ್ಟಿಯಲ್ಲಿ ಅದು ಇರುವುದಿಲ್ಲ. 20ಕ್ಕೆ ತೆರಿಗೆ ಕಟ್ಟುವಾಗ ಆ 5,000 ಮುರಿದುಕೊಳ್ಳುವಂತಿಲ್ಲ, ಸದ್ಯಕ್ಕೆ ಕೈಯಿಂದಲೇ ಹಾಕಬೇಕು. ಬಿಲ್ ಇಲ್ಲ ಅಂತ ಮಷೀನು ಕೆಂಪು ಅಕ್ಷರದಲ್ಲಿ ತೋರಿಸಿ ಸುಮ್ಮನಾಗುತ್ತದೆ. ಪೇಟೆಗೆ ಫೋನ್ ಮಾಡಿ, ನಂಬರಿನಲ್ಲಿ ಒಂದು ಸೊನ್ನೆ ಹೆಚ್ಚಾಗಿದೆಯೋ ಅಥವಾ ಸಾಹುಕಾರರು ರಿಟರ್ನೇ ಹಾಕಿಲ್ಲವೋ ಅಂತ ಬೆನ್ನು ಹತ್ತುವುದು ಮನುಷ್ಯನೇ. ಹತ್ತಡಿ ಬೋರ್ಡಿನಲ್ಲಿ ಒಂದು ದೀರ್ಘ ಬಿಟ್ಟುಹೋದದ್ದನ್ನು ರಸ್ತೆಯಾಚೆಯಿಂದ ಕಂಡುಹಿಡಿಯುತ್ತಿದ್ದ ಕಣ್ಣಿಗೆ ಇದು ಹೊಸದಲ್ಲ.

2025ರ ಜುಲೈ ನೆನಪಿದೆಯಲ್ಲ? ಯುಪಿಐ ವಹಿವಾಟು ಹಿಡಿದು ಬೇಕರಿ, ಕಾಂಡಿಮೆಂಟ್ಸ್‌ನವರಿಗೆ ತೆರಿಗೆ ನೋಟಿಸು ಬಂದು, ಸ್ಕ್ಯಾನರ್ ತೆಗೆದು ‘ನಗದು ಮಾತ್ರ’ ಚೀಟಿ ಅಂಟಿಸಿದವರೆಷ್ಟು ಜನ! ಫೋನಿಗೆ ಬಿದ್ದ ದುಡ್ಡಿನಲ್ಲಿ ತೆರಿಗೆಯಿಲ್ಲದ ಹಾಲು-ತರಕಾರಿಯದೆಷ್ಟು, ಭಾವಮೈದನ ಕೈಸಾಲ ಎಷ್ಟು ಅಂತ ಬೇರೆಬೇರೆ ಬರೆದಿಟ್ಟಿದ್ದರೆ ಉತ್ತರ ಕೈಯಲ್ಲೇ ಇರುತ್ತದೆ. ಬರೆಯದವರು ವಕೀಲರ ಮನೆ ಹುಡುಕಬೇಕು. ಲೆಕ್ಕದವನಿಗೆ ಕೊಡುವ ಸಂಬಳ ದಂಡ ಅನ್ನುವ ಮಾಲೀಕರು ಇದನ್ನು ಸ್ವಲ್ಪ ಕೂಡಿ ಕಳೆದು ನೋಡಲಿ.

ಅಂದಹಾಗೆ, ಲೆಕ್ಕವೆಲ್ಲ ಕಂಪ್ಯೂಟರಿನಲ್ಲಿದ್ದರೂ ದೀಪಾವಳಿ ಪೂಜೆಗೆ ಕೆಂಪು ರಟ್ಟಿನ ಹೊಸ ಪುಸ್ತಕವೊಂದನ್ನು ತರುವ ಅಂಗಡಿಗಳು ಇನ್ನೂ ಇವೆ. ಒಳಗೆ ಒಂದಕ್ಷರ ಬರೆಯುವುದಿಲ್ಲ, ಮೊದಲ ಪುಟದ ‘ಶ್ರೀ’ ಬಿಟ್ಟು. ಅಕೌಂಟೆಂಟು ಹಳೆಯ ಆರ್ಟಿಸ್ಟಾದರೆ ಆ ‘ಶ್ರೀ’ ಬರೆಯಲು ಬೇರೆಯವರನ್ನು ಕರೆಯಬೇಕೇ?