ನಳ ನಿಂತಾಗ ಪೈಪಿನೊಳಗೆ ಏನು ನಡೆಯುತ್ತದೆ?

ಮಕ್ಕಳೇ, ಹೊನ್ನಾವರ ತಾಲೂಕಿನ ಕರ್ಕಿಯ ಹೆಸರು ಕೇಳಿದರೆ ಯಕ್ಷಗಾನ ಬಲ್ಲವರಿಗೆ ಕರ್ಕಿ ಮೇಳ ನೆನಪಾಗುತ್ತದೆ. ರಾತ್ರಿ ಆಟ ಇದೆ ಎಂದು ಊರಿಗೆ ತಿಳಿಸಲು ಸಂಜೆಯೇ ಚಂಡೆ ಬಾರಿಸುವ ಪದ್ಧತಿ ಯಕ್ಷಗಾನದಲ್ಲಿದೆ. ಅದಕ್ಕೆ ‘ಕೇಳಿ’ ಬಡಿಯುವುದು ಎನ್ನುತ್ತಾರೆ. ಕಂದಾಯದ ಸುದ್ದಿ ಸಾರುವುದಕ್ಕೆ ಡಂಗುರವಿತ್ತು. ಇಂದು ಪಂಚಾಯತಿಯ ಸೂಚನಾ ಫಲಕ, ರಿಕ್ಷಾಕ್ಕೆ ಕಟ್ಟಿದ ಮೈಕು, ಮೊಬೈಲು ಎಲ್ಲ ಇವೆ. ಆದರೆ ನಿಮ್ಮ ಕೇರಿಯ ನೀರಿನ ಪೈಪು ಸೋರುತ್ತಿರುವ ಸುದ್ದಿಯನ್ನು ಪಂಚಾಯತಿಗೆ ಮುಟ್ಟಿಸುವವರು ಯಾರು?

“ಸೋರಿದರೆ ಸ್ವಲ್ಪ ನೀರು ಹಾಳು, ಅಷ್ಟೇ ತಾನೇ?” ಎಂದು ನೀವು ಕೇಳಬಹುದು. ಮೊದಲು ಆ ‘ಸ್ವಲ್ಪ’ವನ್ನೇ ಅಳೆಯೋಣ. ಸುಮಾರು 20 ಹನಿ ಸೇರಿದರೆ 1 ಮಿಲಿಲೀಟರ್. ಸೆಕೆಂಡಿಗೆ ಒಂದು ಹನಿ ಬಿದ್ದರೆ ದಿನಕ್ಕೆ 86,400 ಹನಿ, ಅಂದರೆ 4 ಲೀಟರಿಗೂ ಹೆಚ್ಚು. ಸಣ್ಣ ಧಾರೆಯಾಗಿ ಸೋರಿ ನಿಮಿಷಕ್ಕೆ ಒಂದು ಲೀಟರ್ ಹೋದರೆ ದಿನಕ್ಕೆ 1,440 ಲೀಟರ್. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಲೆಕ್ಕ ಇಟ್ಟಿದೆ. ಹಾಗಾದರೆ ಆ ಧಾರೆಯಲ್ಲಿ 26 ಜನರ ಪಾಲಿನ ನೀರು ಹೋಯಿತು! ದಿನಕ್ಕೆ ಎರಡೇ ತಾಸು ನೀರು ಬಿಡುವ ಊರಾದರೆ ನಷ್ಟ 120 ಲೀಟರ್ ಮಾತ್ರ. ಆದರೆ ಅಂಥ ಊರಲ್ಲೇ ಅಪಾಯ ಹೆಚ್ಚು. ಏಕೆ? ಉಳಿದ 22 ತಾಸು ಆ ತೂತು ಏನು ಮಾಡುತ್ತಿರುತ್ತದೆ ಎಂಬುದನ್ನು ನೋಡಬೇಕು.

ಮಾಡಿ ನೋಡಿ: ಒಂದು ಮೆದು ಪ್ಲಾಸ್ಟಿಕ್ ಬಾಟಲಿಯ ಬದಿಗೆ ಗುಂಡುಸೂಜಿಯಿಂದ ತೂತು ಮಾಡಿ. ಅಂಚಿನವರೆಗೆ ನೀರು ತುಂಬಿ ಮುಚ್ಚಳ ಬಿಗಿಯಾಗಿ ಹಾಕಿ. ಬಾಟಲಿಯನ್ನು ಹಿಸುಕಿದರೆ ತೂತಿನಿಂದ ನೀರು ಚಿಮ್ಮುತ್ತದೆ. ಹಿಸುಕಿ ಹಿಡಿದುಕೊಂಡೇ, ಕುಂಕುಮ ಕಲಸಿದ ನೀರಿನ ಬೋಗುಣಿಯಲ್ಲಿ ತೂತು ಮುಳುಗುವಂತೆ ಇಟ್ಟು, ನಿಧಾನವಾಗಿ ಕೈ ಸಡಿಲಿಸಿ. ಈಗ ಬಾಟಲಿಯೊಳಗೆ ಏನು ಕಾಣುತ್ತದೆ? ಕೆಂಪು ಎಳೆಯೊಂದು ಒಳಗೆ ಹರಿಯುತ್ತದೆ. (ಈ ನೀರನ್ನು ಕುಡಿಯಬೇಡಿ.)

ನೀರು ಬಿಟ್ಟಾಗ ಪೈಪು ಹಿಸುಕಿದ ಬಾಟಲಿಯಂತೆ. ಒಳಗಿನ ಒತ್ತಡ ಹೆಚ್ಚು, ಆದ್ದರಿಂದ ನೀರು ಹೊರಗೆ ಹೋಗುತ್ತದೆ. ವಾಲ್ವ್ ಮುಚ್ಚಿದ ಮೇಲೆ ಪೈಪಿನಲ್ಲಿ ಉಳಿದ ನೀರು ತಗ್ಗಿನ ಮನೆಗಳ ನಳದಲ್ಲಿ ಇಳಿದು ಹೋಗುತ್ತದೆ. ಎತ್ತರದ ಭಾಗ ಖಾಲಿಯಾಗುತ್ತಾ ಬಂದಂತೆ ಅಲ್ಲಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಕಡಿಮೆಯಾಗುತ್ತದೆ. ಆಗ ತೂತಿನ ಸುತ್ತ ಇರುವುದು ಒಳಗೆ ಬರುತ್ತದೆ. ಸುತ್ತ ಒಣ ಮಣ್ಣಿದ್ದರೆ ಬರೀ ಗಾಳಿ. ಗಟಾರದ ನೀರಿದ್ದರೆ ಗಟಾರದ ನೀರು! ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ. ಆಷಾಢದಲ್ಲಿ ಚಿರೆಕಲ್ಲಿನ ನೆಲವೆಲ್ಲ ನೀರು ಕುಡಿದು ನಿಂತಿರುವಾಗ ಪೈಪಿನ ಸುತ್ತ ಒಣ ಮಣ್ಣು ಎಲ್ಲಿಂದ ಬರಬೇಕು? ಕೆಲವರು ನಳಕ್ಕೇ ಮೋಟಾರು ಕೂಡಿಸಿ ನೀರು ಎಳೆಯುತ್ತಾರೆ. ಅವರು ಪಕ್ಕದ ಮನೆಯ ಪಾಲನ್ನು ಮಾತ್ರ ಎಳೆಯುವುದಿಲ್ಲ, ಗಟಾರವನ್ನೂ ಎಳೆಯುತ್ತಾರೆ. ಅದನ್ನು ತಮ್ಮ ಮನೆಯ ಮಕ್ಕಳಿಗೇ ಕುಡಿಸುತ್ತಾರೆ.

ಕೊಳೆನೀರು ಸೇರಿದರೆ ವಾಂತಿಭೇದಿ, ಕಾಲರಾ, ಟೈಫಾಯ್ಡ್, ಕಾಮಾಲೆ ಬರಬಹುದು. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಹಲವರು ಪ್ರಾಣ ಕಳೆದುಕೊಂಡರು. ಇದು ಹಳೆಯ ಕಾಲದ ಕಥೆಯಲ್ಲ.

ಹಳೆಯ ಕಾಲದ ಕಥೆಯೂ ಒಂದಿದೆ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಸುತ್ತಮುತ್ತ ಕಾಲರಾ ಬಂದು 600ಕ್ಕೂ ಹೆಚ್ಚು ಜನ ಸತ್ತರು. ಕೆಟ್ಟ ಗಾಳಿಯಿಂದ ರೋಗ ಬರುತ್ತದೆ ಎಂದೇ ಆಗ ಹೆಚ್ಚಿನವರು ನಂಬಿದ್ದರು. ಡಾ. ಜಾನ್ ಸ್ನೋ ಎಂಬ ವೈದ್ಯರು ಸತ್ತವರ ಮನೆಗಳನ್ನು ಹುಡುಕಿ ಹೋಗಿ, ಅವರು ಎಲ್ಲಿಯ ನೀರು ಕುಡಿದಿದ್ದರು ಎಂದು ವಿಚಾರಿಸಿದರು. ಬಹಳಷ್ಟು ಮಂದಿಯ ಉತ್ತರ ಒಂದೇ: ಬ್ರಾಡ್ ಸ್ಟ್ರೀಟಿನ ಕೈಪಂಪು. ಅವರು ಈ ವಿವರವನ್ನು ಅಲ್ಲಿಯ ಸ್ಥಳೀಯ ಆಡಳಿತದ ಮಂಡಳಿಯ ಮುಂದೆ ಇಟ್ಟರು. ಸೆಪ್ಟೆಂಬರ್ 8ರಂದು ಪಂಪಿನ ಹಿಡಿಕೆ ತೆಗೆಯಲಾಯಿತು. ಅಷ್ಟರಲ್ಲಿ ರೋಗ ಇಳಿಯತೊಡಗಿತ್ತು ಎಂಬುದನ್ನೂ ಹೇಳಬೇಕು. ಮುಂದೆ ಅಗೆದು ನೋಡಿದಾಗ ಪಕ್ಕದ ಮನೆಯ ಮಲದ ಗುಂಡಿಯ ಇಟ್ಟಿಗೆ ಸಡಿಲಾಗಿ ಸೋರುತ್ತಿತ್ತು. ಗುಂಡಿಗೂ ಬಾವಿಗೂ ಇದ್ದ ಅಂತರ ಒಂದು ಮೀಟರಿಗಿಂತಲೂ ಕಡಿಮೆ! ಸ್ನೋ ಅವರು ಮಂಡಳಿಗೆ “ನೀರು ಸರಿಯಿಲ್ಲ” ಎಂದಷ್ಟೇ ಹೇಳಿ ಬಂದಿದ್ದರೆ ಹಿಡಿಕೆ ತೆಗೆಯುತ್ತಿದ್ದರೇ? ‘ಇದೇ ಪಂಪು’ ಎಂದು ತೋರಿಸಿದ್ದರಿಂದ ಕೆಲಸವಾಯಿತು.

ನಾನು ಭೇಟಿ ಕೊಟ್ಟ ಒಂದು ಶಾಲೆಯ ಮಕ್ಕಳಿಗೂ ಇದೇ ಅನುಭವವಾಯಿತು. ನಳದ ನೀರು ಬೆಳಿಗ್ಗೆ ವಾಸನೆ ಬರುತ್ತಿತ್ತು. ಎಲ್ಲರಿಗೂ ಗೊತ್ತು, “ಪಂಚಾಯತಿಗೆ ಹೇಳಿಯಾಗಿದೆ” ಎಂದು ಎಲ್ಲರೂ ಹೇಳುತ್ತಿದ್ದರು. ಯಾರು, ಯಾವಾಗ ಹೇಳಿದರು ಎಂದು ಕೇಳಿದರೆ ಉತ್ತರವಿಲ್ಲ. ಕೊನೆಗೆ ಒಂದು ಅರ್ಜಿ ಹೋಯಿತು: “ನಮ್ಮೂರ ನೀರು ಕೆಟ್ಟಿದೆ, ಸರಿಪಡಿಸಿ.” ಏನೂ ಆಗಲಿಲ್ಲ. ನೀರು ಬಿಡುವಾತನನ್ನು ಬೈದು ಪ್ರಯೋಜನವಿಲ್ಲ, ಅಷ್ಟುದ್ದದ ಪೈಪಿನಲ್ಲಿ ಆತ ಎಲ್ಲೆಂದು ಅಗೆಯಬೇಕು?

ಆಗ ನಾವು ಕ್ಲೋರಿನ್ ಪರೀಕ್ಷೆ ಮಾಡಿದೆವು. ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಹಾಕಿ ಅರ್ಧ ತಾಸು ಬಿಟ್ಟರೆ ಅದರ ಕ್ಲೋರಿನ್ ರೋಗಾಣುಗಳನ್ನು ಕೊಲ್ಲುತ್ತದೆ. ದಾರಿಯಲ್ಲಿ ಕೊಳೆ ಸೇರಿದರೂ ಕಾಪಾಡಲೆಂದು ನಳದಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಪರೀಕ್ಷಾ ಕಿಟ್ಟಿನ ದ್ರಾವಣವನ್ನು ಶಿಕ್ಷಕರೇ ಹಾಕಿದರು (ನೀವು ಮುಟ್ಟಬಾರದು). ಟ್ಯಾಂಕಿನ ಬಳಿಯ ನೀರು ಹಳದಿಯಾಯಿತು. ನಾಲ್ಕನೆಯ ಮನೆಯದೂ ಹಳದಿ. ಐದನೆಯದು ಬಣ್ಣವೇ ಇಲ್ಲ! ಹಾಗಾದರೆ ಕ್ಲೋರಿನ್ ಖರ್ಚಾಗಿದ್ದು ಎಲ್ಲಿ?

ಎರಡನೆಯ ಅರ್ಜಿಯಲ್ಲಿ ಮಕ್ಕಳು ಆ ಎರಡು ಮನೆಗಳ ನಡುವಿನ ವಿದ್ಯುತ್ ಕಂಬದ ಸಂಖ್ಯೆ, ವಾಸನೆ ಬರುವ ಹೊತ್ತು, ಪರೀಕ್ಷೆ ಮಾಡಿದ ದಿನ ಎಲ್ಲವನ್ನೂ ಬರೆದು, ಒಂದು ನಕ್ಷೆ ಬಿಡಿಸಿ, ಮುಖ್ಯ ಶಿಕ್ಷಕರ ಸಹಿ ಹಾಕಿಸಿ ಕೊಟ್ಟರು. ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡರು. ಮಕ್ಕಳಿಗಾಗಿಯೇ ಮಕ್ಕಳ ಗ್ರಾಮಸಭೆ ಇದೆ. ದೊಡ್ಡವರ ಗ್ರಾಮಸಭೆಯನ್ನೂ ಆರು ತಿಂಗಳಿಗೊಮ್ಮೆಯಾದರೂ ನಡೆಸಬೇಕೆಂದು ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆ ಹೇಳುತ್ತದೆ. ಆದರೆ ಕುಡಿಯುವ ನೀರು ಕೆಟ್ಟರೆ ಸಭೆಯವರೆಗೆ ಕಾಯಬೇಡಿ, ಅಲ್ಲಿಯವರೆಗೆ ಕುದಿಸಿ ಆರಿಸಿದ ನೀರನ್ನೇ ಕುಡಿಯಿರಿ. ಪಂಚಾಯತಿಯೂ ಟ್ಯಾಂಕು ತೊಳೆಯುವ ದಿನ, ದುರಸ್ತಿಗೆ ನೀರು ನಿಲ್ಲಿಸುವ ಹೊತ್ತನ್ನು ಮೊದಲೇ ಫಲಕದಲ್ಲಿ ಹಾಕಿದರೆ ಒಳ್ಳೆಯದು. ಮತ್ತೆ ಬಿಟ್ಟಾಗ ಬರುವ ಮೊದಲ ಕೆಸರು ನೀರನ್ನು ಜನ ಗಿಡಕ್ಕೆ ಬಿಡುತ್ತಾರೆ, ಬಿಂದಿಗೆಗೆ ಹಿಡಿಯುವುದಿಲ್ಲ.

ಮೂರು ದಿನದ ಮೇಲೆ ಕಂಬದ ಬುಡದಲ್ಲಿ ಅಗೆದರು. ಪೈಪಿನ ಜೋಡಣೆಯ ಬಳಿ ಬೆರಳುದ್ದದ ಸೀಳು. ಅದರೊಳಗೆ ತೆಂಗಿನ ಬೇರಿನ ಎಳೆಗಳು. ಒಂದು ಗೇಣು ಆಚೆ ಗಟಾರ. ಮಕ್ಕಳು ತುಂಡರಿಸಿದ ಆ ಪೈಪನ್ನು ಕೇಳಿ ತಂದು, ತೂತಿನ ಬಾಟಲಿಯ ಪಕ್ಕದಲ್ಲೇ ವಿಜ್ಞಾನ ಮೂಲೆಯಲ್ಲಿ ಇಟ್ಟಿದ್ದಾರೆ.